ದೊಡ್ಡಗೌಡರೆ, ಈ ಸಲ ‘ಬೇಡ’ ಎನ್ನಿ

ಮಾನ್ಯ ಎಚ್.ಡಿ. ದೇವೇಗೌಡರಿಗೆ,

ನಮಸ್ಕಾರಗಳು. ಹೇಮಾವತಿಯ ವಿತರಣಾ ನಾಲೆಯೊಂದರ ಕೊನೆ ಭಾಗದಲ್ಲಿರುವ, ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಊರಿನಿಂದ ಈ ಪತ್ರ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಈಗ ಎರಡೂವರೆ ಎಕರೆ ತೆಂಗಿನ ತೋಟ, ಒಂದು ಸೀಮೆಹಸು, ಬೆಳಿಗ್ಗೆ ಎರಡು ಪತ್ರಿಕೆ. ನನಗೆ ಯಾವ ಪಕ್ಷದ ಹಂಗೂ ಇಲ್ಲ.

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನಮ್ಮೂರಿನ ಅರಳಿಕಟ್ಟೆಯ ಮೇಲೆ ಇಸ್ಪೀಟು ನಡೆಯುತ್ತಿತ್ತು. ವರ್ಷಕ್ಕೊಂದು ದಿನ ಊರಿನ ಹಿರಿಯರು ಕಂಡೂ ಕಾಣದಂತೆ ಇರುವ ಆಟ ಅದು. ನಾನು ಆಡುವವನಲ್ಲ, ಪಕ್ಕದಲ್ಲಿ ಕುಳಿತು ತಲೆಹರಟೆ ಮಾಡುವವನು. ಎಲೆ ಹಂಚುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ, ‘ಜೂನ್ ತಿಂಗಳಿಗೆ ದೊಡ್ಡಗೌಡರ ರಾಜ್ಯಸಭೆ ಅವಧಿ ಮುಗಿಯುತ್ತದಂತೆ. ಮತ್ತೆ ನಿಲ್ಲುತ್ತಾರಾ ಮೇಷ್ಟರೆ?’ ಎಂದು ಕೇಳಿದ. ಆಟ ನಿಂತೇಹೋಯಿತು. ‘ನಿಲ್ಲಲೇಬೇಕು, ನಮ್ಮ ನೀರಿನ ಲೆಕ್ಕ ಬಾಯಿಪಾಠ ಇರುವವರು ದಿಲ್ಲಿಯಲ್ಲಿ ಇನ್ನು ಯಾರಿದ್ದಾರೆ’ ಎಂದು ಒಬ್ಬ. ‘ತೊಂಬತ್ಮೂರಕ್ಕೆ ಮನೆಯಲ್ಲಿ ವಿಶ್ರಾಂತಿಯಾಗಿ ಇರಬಾರದೇ’ ಎಂದು ಇನ್ನೊಬ್ಬ. ಮೂರನೆಯವನು ಮಾತ್ರ, ‘ಅವರು ಬೇಡ ಎಂದರೆ ಆ ಜಾಗಕ್ಕೆ ಅದೇ ಮನೆಯಿಂದ ಇನ್ನೊಬ್ಬರು ಬರುತ್ತಾರೆ, ಅದಕ್ಕಿಂತ ಇವರೇ ವಾಸಿ’ ಎಂದು ಎಲ್ಲರನ್ನೂ ನಗಿಸಿ, ಕಟ್ಟಿದ್ದ ಹಣ ಎತ್ತಿಕೊಂಡು ಹೋದ.

ನಾನು ನಕ್ಕೆ, ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಹೇಳುವುದಿಲ್ಲ: ಜೂನ್ 25ಕ್ಕೆ ಮುಗಿಯುವ ಈ ಅವಧಿಯ ನಂತರ ನೀವು ಮತ್ತೆ ಯಾವ ಸ್ಥಾನವನ್ನೂ ಕೇಳಬಾರದು, ಯಾರಾದರೂ ತಾವಾಗಿ ತಂದುಕೊಟ್ಟರೂ ಒಪ್ಪಬಾರದು ಎಂಬುದು ನನ್ನ ಬಿನ್ನಹ.

ವಯಸ್ಸಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಬರುವ ಮೇ 18ಕ್ಕೆ ನಿಮಗೆ 93 ತುಂಬುತ್ತದೆ. ಗಾಲಿಕುರ್ಚಿಯಲ್ಲಿ ಸದನಕ್ಕೆ ಬಂದು, ಕುಳಿತಲ್ಲಿಂದಲೇ ಕಾವೇರಿಯ ಅಂಕಿಗಳನ್ನು ಚೀಟಿ ನೋಡದೆ ಹೇಳುವ ನಿಮ್ಮನ್ನು ಟಿವಿಯಲ್ಲಿ ಕಂಡವನು ನಾನು. ಅರವತ್ತರ ಹರೆಯದ ನಮ್ಮ ಎಷ್ಟು ಜನಪ್ರತಿನಿಧಿಗಳಿಗೆ ತಮ್ಮ ಕ್ಷೇತ್ರದ ಕೆರೆಗಳ ಹೆಸರು ಗೊತ್ತು? ಮಲೇಷ್ಯಾದ ಮಹಾತಿರ್ ಮೊಹಮ್ಮದ್ 2018ರಲ್ಲಿ 92ನೇ ವಯಸ್ಸಿನಲ್ಲಿ ಮತ್ತೆ ಪ್ರಧಾನಿಯಾದರು. ಆಟ ಅಲ್ಲಿಗೇ ನಿಲ್ಲಿಸದೆ 2022ರಲ್ಲಿ 97ರ ವಯಸ್ಸಿನಲ್ಲಿ ಇನ್ನೊಮ್ಮೆ ನಿಂತು ಠೇವಣಿ ಕಳೆದುಕೊಂಡರು. ಇದನ್ನು ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಜೊತೆಗೇ ಜೂನ್ 25ಕ್ಕೆ ಅವಧಿ ಮುಗಿಯುವ ಮಲ್ಲಿಕಾರ್ಜುನ ಖರ್ಗೆಯವರಿಗೂ ಎಂಬತ್ಮೂರು ದಾಟಿದೆ, ಅವರು ಪಕ್ಷವನ್ನೇ ನಡೆಸುತ್ತಿದ್ದಾರೆ. ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮನೆಗೆ ಕಳಿಸಬೇಕೆಂದು ನಾನು ಹೇಳುವವನಲ್ಲ. ನನ್ನ ತಕರಾರು ಬೇರೆ.

ಅದನ್ನು ಹೇಳಬೇಕಾದರೆ 1996ಕ್ಕೆ ಹೋಗಬೇಕು. ಜೂನ್ 1ರ ಆ ದಿನ ನಮ್ಮೂರಿನಲ್ಲಿ ಇದ್ದದ್ದು ಎರಡು ಟಿವಿ. ಒಂದು ಕೆಟ್ಟಿತ್ತು. ಇನ್ನೊಂದರ ಮುಂದೆ, ಪಡಸಾಲೆ ಸಾಲದೆ ಅಂಗಳದವರೆಗೆ ಜನ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತನ ಮಗ, ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದಿ, 1962ರಲ್ಲಿ ಪಕ್ಷೇತರನಾಗಿ ಗೆದ್ದು ವಿಧಾನಸಭೆಗೆ ಕಾಲಿಟ್ಟವನು, ಪಂಚೆ ಶಲ್ಯದಲ್ಲೇ ದೇಶದ ಪ್ರಧಾನಿಯಾಗುತ್ತಿದ್ದ. ನಮ್ಮ ತಂದೆ ಜನತಾದಳದವರಲ್ಲ, ಜೀವನವಿಡೀ ಕಾಂಗ್ರೆಸ್ಸಿಗೇ ಒತ್ತಿದವರು. ಅವರು ಅಂದು ಎದ್ದುನಿಂತು ಟಿವಿಗೆ ಕೈ ಮುಗಿದದ್ದನ್ನು ನಾನು ಮರೆತಿಲ್ಲ. ಆ ವರ್ಷದ ಆಗಸ್ಟ್ 15ಕ್ಕೆ ಕೆಂಪುಕೋಟೆಯ ಮೇಲೆ ನಿಂತು, ಕನ್ನಡ ಲಿಪಿಯಲ್ಲಿ ಬರೆದುಕೊಂಡ ಹಿಂದಿ ಭಾಷಣ ಓದಿದಿರಿ. ದಿಲ್ಲಿಯವರು ನಕ್ಕರು. ನಾನು ಮಾರನೆಯ ದಿನ ಒಂಬತ್ತನೇ ತರಗತಿಯಲ್ಲಿ ಪಾಠ ಬಿಟ್ಟು ಅದರ ಬಗ್ಗೆಯೇ ಮಾತನಾಡಿದೆ.

ಆದರೆ ಗೌಡರೆ, ಆ ಕುರ್ಚಿ ನಿಮ್ಮವರೆಗೆ ಬಂದದ್ದು ಹೇಗೆ? ವಾಜಪೇಯಿಯವರ ಹದಿಮೂರು ದಿನದ ಸರ್ಕಾರ ಬಿದ್ದ ಹೊತ್ತಿನಲ್ಲಿ ಸಂಯುಕ್ತ ರಂಗದವರು ಮೊದಲು ಹುಡುಕಿಕೊಂಡು ಹೋದದ್ದು ವಿ.ಪಿ. ಸಿಂಗ್ ಅವರನ್ನು. ಆರು ವರ್ಷದ ಹಿಂದೆ ಪ್ರಧಾನಿಯಾಗಿದ್ದವರು, ಕರೆದು ಕೊಟ್ಟರೆ ಮತ್ತೆ ಕೂರಬಹುದಿತ್ತು. ಅವರು ಒಲ್ಲೆ ಎಂದರು. ಮನೆ ಬಾಗಿಲಿಗೆ ಬಂದ ನಾಯಕರ ಕೈಗೆ ಸಿಗಬಾರದೆಂದು ಕಾರು ಹತ್ತಿ ದಿಲ್ಲಿಯ ರಸ್ತೆಗಳಲ್ಲಿ ಸುತ್ತುತ್ತಿದ್ದರು ಎಂಬ ಕಥೆಯನ್ನು ನನಗಿಂತ ನೀವು ಚೆನ್ನಾಗಿ ಬಲ್ಲಿರಿ. ಜ್ಯೋತಿ ಬಸು ಅವರಿಗೆ ಪಕ್ಷ ಬಿಡಲಿಲ್ಲ. ಆಮೇಲೆ ನಿಮ್ಮ ಹೆಸರು ಬಂತು. ಅಂದರೆ, ಒಬ್ಬ ಮಾಜಿ ಪ್ರಧಾನಿ ‘ನನಗೆ ಸಾಕು’ ಎಂದದ್ದರಿಂದಲೇ ಒಬ್ಬ ಕನ್ನಡಿಗ ಪ್ರಧಾನಿಯಾದ. ಅಂದಿನಿಂದ ಇಂದಿನವರೆಗೂ ಅವನೊಬ್ಬನೇ. ನಿಮ್ಮ ಜೀವನದ ಅತಿ ದೊಡ್ಡ ಬಾಗಿಲು ಇನ್ನೊಬ್ಬರು ಒಳಗೆ ಹೋಗದೆ ಬಿಟ್ಟ ಬಾಗಿಲು. ಸೋಲುಗೆಲುವಿನ ಲೆಕ್ಕದಲ್ಲಿ ಅದು ಬರುವುದಿಲ್ಲವಾದ್ದರಿಂದಲೋ ಏನೋ, ನಿಮ್ಮ ಬಗ್ಗೆ ಬರೆಯುವವರು ಅದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ನೀವು ಮಾತ್ರ ಅಂಥ ಬಾಗಿಲನ್ನು ಯಾರಿಗೂ ಬಿಟ್ಟವರಲ್ಲ. 1997ರ ಏಪ್ರಿಲ್ 11ರಂದು ವಿಶ್ವಾಸಮತ ಸೋತಾಗ, ಮತ್ತೆ ಎದ್ದು ಬರುತ್ತೇನೆ ಎಂಬ ಅರ್ಥದ ಮಾತನ್ನು ಲೋಕಸಭೆಯಲ್ಲೇ ಹೇಳಿದಿರಿ. ಹೇಳಿದ ಹಾಗೆ ಬಂದಿರಿ ಕೂಡ. 1999ರಲ್ಲಿ ಹಾಸನದಲ್ಲಿ ಸೋತು 2002ರ ಕನಕಪುರ ಉಪಚುನಾವಣೆಯಲ್ಲಿ ಎದ್ದಿರಿ. 2004ರಲ್ಲಿ ಕನಕಪುರ ಕೈಬಿಟ್ಟಾಗ ಹಾಸನ ಕೈಹಿಡಿಯಿತು. ಆ ಛಲ ಕಂಡು ನನಗೆ ಆಗ ಹೊಟ್ಟೆ ತುಂಬುತ್ತಿತ್ತು. 2019ಕ್ಕೆ ಬರುವ ಹೊತ್ತಿಗೆ ಹಾಗೆ ಅನ್ನಿಸಲಿಲ್ಲ.

2019ರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನಮ್ಮ ಅಂಗಳದಲ್ಲಿ ನಡೆದದ್ದು. ಹಾಸನವನ್ನು ಮೊಮ್ಮಗ ಪ್ರಜ್ವಲ್ ರೇವಣ್ಣನಿಗೆ ಬಿಟ್ಟು, ಹಾಗೆ ಬಿಡುವಾಗ ಸಾರ್ವಜನಿಕವಾಗಿ ಕಣ್ಣೀರಿಟ್ಟು, 85ನೇ ವಯಸ್ಸಿನಲ್ಲಿ ನೀವು ತುಮಕೂರಿಗೆ ಬಂದಿರಿ. ಮೈತ್ರಿಯ ಲೆಕ್ಕದಲ್ಲಿ ಕಾಂಗ್ರೆಸ್ಸಿನ ಹಾಲಿ ಸಂಸದರಿಗೇ ಟಿಕೆಟ್ ತಪ್ಪಿತು. ಆ ಎರಡು ತಿಂಗಳು ನಮ್ಮ ಕಡೆ ಬೇರೆ ವಿಷಯವೇ ಇರಲಿಲ್ಲ, ಇದ್ದದ್ದು ಒಂದೇ: ‘ಹೇಮಾವತಿ ನೀರು ತುಮಕೂರಿಗೆ ಬಾರದಂತೆ ತಡೆದವರು ಇವರೇ.’ ಅದು ಎಷ್ಟು ನಿಜ, ಎಷ್ಟು ಸುಳ್ಳು ಎಂದು ಪ್ರಚಾರದ ಹೊತ್ತಿನಲ್ಲಿ ಯಾರೂ ಕಡತ ಬಿಚ್ಚಿ ನೋಡಲಿಲ್ಲ. ಗೊರೂರಿನ ಜಲಾಶಯ 37 ಟಿಎಂಸಿಯದ್ದು. ಅದರಿಂದ ಬಾಗೂರು–ನವಿಲೆ ಸುರಂಗ ದಾಟಿ ನಮ್ಮ ಜಿಲ್ಲೆಗೆ ಬರುವ ನೀರು ಯಾವ ವರ್ಷ ಎಷ್ಟು ಬಂತು, ಏಕೆ ಕಡಿಮೆಯಾಯಿತು, ನಾಲೆ ಎಲ್ಲಿ ಒಡೆದಿತ್ತು, ಯಾರು ಎಲ್ಲಿ ಪಂಪು ಇಟ್ಟು ಎತ್ತಿದರು, ಇದನ್ನೆಲ್ಲ ಬಿಡಿಸಿ ಹೇಳಬಲ್ಲವರು ಈ ರಾಜ್ಯದಲ್ಲಿ ಒಬ್ಬರಿದ್ದರೆ ಅದು ನೀವೇ. ಆದರೆ ನೀವು ಹೇಳಿದ್ದನ್ನು ಜನ ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ನೀವು ಅಭ್ಯರ್ಥಿಯಾಗಿದ್ದಿರಿ. ಹಾಸನದವರಾಗಿದ್ದಿರಿ.

ನಾನು ನಿಮಗೆ ಮತ ಹಾಕಿದೆ. ನನ್ನ ಹೆಂಡತಿ ಹಾಕಲಿಲ್ಲ. ಏಪ್ರಿಲ್ 18ರಂದು ಮತಗಟ್ಟೆಯಿಂದ ವಾಪಸು ಬರುವಾಗ, ಒಣಗಿದ ನಾಲೆಯ ಏರಿ ಮೇಲೆ ನಡೆಯುತ್ತಾ ಅವಳು ಹೇಳಿದ್ದು: ‘ಗೌಡರ ಮೇಲೆ ನನಗೇನೂ ಸಿಟ್ಟಿಲ್ಲ. ಈ ನಾಲೆ ಮೇಲೆ ಸಿಟ್ಟು. ಅದಕ್ಕೆ ಬೇರೆ ಯಾರ ಹೆಸರನ್ನೂ ನನಗೆ ಯಾರೂ ಹೇಳಿಕೊಟ್ಟಿಲ್ಲ.’ ಮೇ 23ಕ್ಕೆ ಫಲಿತಾಂಶ ಬಂತು. 13,339 ಮತಗಳ ಅಂತರ. ಪ್ರಧಾನಿಯಾಗಿ ಗಂಗೆಯ ನೀರನ್ನು ಹಂಚಿದವರು ಹೇಮಾವತಿಯ ನಾಲೆಯಲ್ಲಿ ಸೋತರು ಎಂದು ನಮ್ಮ ಶಾಲೆಯ ಗಣಿತದ ಮೇಷ್ಟರು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಯಾರೂ ನಗಲಿಲ್ಲ.

ಈಗ ರಾಜ್ಯಸಭೆಯ ಮಾತು. ಅದು ಜನರ ಚುನಾವಣೆಯಲ್ಲ, ಶಾಸಕರ ಚುನಾವಣೆ. ನಾಲ್ಕು ಸ್ಥಾನ ತೆರವಾದರೆ 224 ಶಾಸಕರ ಮತವನ್ನು ಐದರಿಂದ ಭಾಗಿಸಿ, ಗೆಲ್ಲಲು ಸುಮಾರು 45 ಮೊದಲ ಪ್ರಾಶಸ್ತ್ಯದ ಮತ ಬೇಕು. 2020ರಲ್ಲಿ ನಿಮ್ಮ ಪಕ್ಷದ ಬಳಿ ಇದ್ದದ್ದು ಮೂವತ್ತು ಚಿಲ್ಲರೆ. ಉಳಿದದ್ದಕ್ಕೆ ಕಾಂಗ್ರೆಸ್ಸಿನ ಹೆಚ್ಚುವರಿ ಮತದ ಆಸರೆ ಇತ್ತು, ಅವಿರೋಧ ಆಯ್ಕೆಯಾಯಿತು. 2023ರಲ್ಲಿ ಜೆಡಿಎಸ್ ಗೆದ್ದದ್ದೇ 19. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಕ್ಷ ಎನ್‌ಡಿಎ ಸೇರಿತು. ಈ ಸಲ ನೀವು ಹೋಗಬೇಕೆಂದರೆ ಬಿಜೆಪಿಯ ಶಾಸಕರು ಒತ್ತಬೇಕು. ಆರು ವರ್ಷದ ಹಿಂದೆ ಒಬ್ಬರ ಮನೆಯ ಸಾಲ, ಈಗ ಅವರ ಎದುರುಮನೆಯ ಸಾಲ. ರಾಜಕೀಯದಲ್ಲಿ ಇದೆಲ್ಲ ಇದ್ದದ್ದೇ, ನಾನು ಮೂಗು ಮುರಿಯುತ್ತಿಲ್ಲ. ಸಾಲ ಮಾಡಿ ತಂದ ಎತ್ತಿನಲ್ಲಿ ಉಳುವವನು ಸಾಲ ಕೊಟ್ಟವನ ಹೊಲದ ಕಡೆಗೂ ಒಂದು ಕಣ್ಣಿಟ್ಟಿರಬೇಕಾಗುತ್ತದೆ, ಅಷ್ಟೆ. ಮೇಕೆದಾಟು ಕುರಿತು ನೀವು ದನಿ ಎತ್ತಿದಾಗಲೂ ನಮ್ಮ ಅರಳಿಕಟ್ಟೆಯಲ್ಲಿ ಮೊದಲು ಏಳುವ ಪ್ರಶ್ನೆ, ಏನು ಹೇಳಿದರು ಎಂಬುದಲ್ಲ. ಯಾರಿಗೆ ನೋವಾಗದ ಹಾಗೆ ಹೇಳಿದರು ಎಂಬುದು.

ನಮ್ಮೂರಿನ ಕೆರೆಗೆ ಒಬ್ಬ ನೀರಗಂಟಿ ಇದ್ದ. ನಾನು ಹುಡುಗನಾಗಿದ್ದಾಗಿನ ಮಾತು, ನಾಲೆ ಇನ್ನೂ ನಮ್ಮವರೆಗೆ ಬಂದಿರಲಿಲ್ಲ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ಕಟ್ಟುವುದು ಅವನ ಕೆಲಸ. ಕಾಲುವೆಗೆ ಅಡ್ಡ ಮಣ್ಣು ಹಾಕಿದ ಪಟೇಲರ ಮಗನನ್ನೇ ಒಮ್ಮೆ ಅವನು ಗುದ್ದಲಿ ಕಿತ್ತುಕೊಂಡು ಮನೆಗೆ ಕಳಿಸಿದ್ದ, ಪಟೇಲರು ಬಾಯಿ ತೆರೆಯಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಇಷ್ಟು ಕೊಳಗ ಭತ್ತ ಸಲ್ಲುತ್ತಿತ್ತು. ಅವನಿಗೆ ಕೆರೆಯ ಕೆಳಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಅವನ ಮಾತು ನಡೆಯುತ್ತಿದ್ದದ್ದು ಅದರಿಂದಲೇ ಎಂದು ನಮ್ಮ ತಂದೆ ಹೇಳುತ್ತಿದ್ದರು. ಮುಂದೆ ಅವನ ಮಗ ದುಡಿದು ಅಚ್ಚುಕಟ್ಟಿನಲ್ಲಿ ಮೂವತ್ತು ಗುಂಟೆ ಕೊಂಡ. ಕೊಂಡ ಮರುವರ್ಷವೇ ಸರದಿಯ ಬಗ್ಗೆ ಗುಸುಗುಸು ಶುರುವಾಯಿತು. ಮುದುಕ ಹಿಂದಿನಂತೆಯೇ ನ್ಯಾಯವಾಗಿ ನೀರು ಬಿಡುತ್ತಿದ್ದ, ಸಂಶಯವಿಲ್ಲ. ಆದರೆ ಜನ ಈಗ ನೀರನ್ನು ನೋಡುವುದು ಬಿಟ್ಟು ಅವನ ಮಗನ ಗದ್ದೆಯನ್ನು ನೋಡತೊಡಗಿದ್ದರು.

ನಿಮ್ಮಿಂದ ಆ ಮುದುಕನ ಮೊದಲಿನ ಕಾಲದ ಕೆಲಸ ಆಗಬೇಕಾಗಿದೆ, ಗೌಡರೆ.

ಏಕೆ ಈಗಲೇ ಎಂದರೆ, ಈ ವರ್ಷಕ್ಕೆ ಒಂದು ವಿಶೇಷ ಇದೆ. 1996ರ ಡಿಸೆಂಬರ್ 12ರಂದು ದಿಲ್ಲಿಯಲ್ಲಿ ನೀವು ಮತ್ತು ಬಾಂಗ್ಲಾದೇಶದ ಶೇಖ್ ಹಸೀನಾ ಸಹಿ ಹಾಕಿದ ಫರಕ್ಕಾ ಗಂಗಾ ಜಲ ಒಪ್ಪಂದದ ಅವಧಿ ಮೂವತ್ತು ವರ್ಷ. ಬರುವ ಡಿಸೆಂಬರಿಗೆ ಅದು ಮುಗಿಯುತ್ತದೆ. ಆ ಒಪ್ಪಂದದ ಲೆಕ್ಕವನ್ನು ಓದಿದಾಗ ನನಗೆ ನಮ್ಮೂರಿನ ತೂಬೇ ಕಣ್ಣಿಗೆ ಕಟ್ಟಿತು. ಜನವರಿಯಿಂದ ಮೇ ಕೊನೆಯವರೆಗಿನ ಬೇಸಿಗೆಯನ್ನು ಹತ್ತು ಹತ್ತು ದಿನದ ಕಂತು ಮಾಡಿದ್ದಾರೆ. ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ಹರಿವು 70,000 ಕ್ಯುಸೆಕ್ ಒಳಗಿದ್ದರೆ ಅರ್ಧರ್ಧ. 70,000ದಿಂದ 75,000ದ ನಡುವೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಮಿಕ್ಕದ್ದು ನಮಗೆ. ಅದಕ್ಕೂ ಹೆಚ್ಚಿದ್ದರೆ ನಮಗೆ 40,000, ಮಿಕ್ಕದ್ದು ಅವರಿಗೆ. ತೀರಾ ಬಿಗಿಯಾದ ಮಾರ್ಚ್ 11ರಿಂದ ಮೇ 10ರವರೆಗೆ, ಒಂದು ಕಂತು ಇವರಿಗೆ, ಮುಂದಿನ ಕಂತು ಅವರಿಗೆ ಎಂದು ಸರದಿಯ ಮೇಲೆ 35,000 ಕ್ಯುಸೆಕ್ ಖಾತರಿ. ಇದು ನೀರಗಂಟಿಯ ಲೆಕ್ಕವಲ್ಲದೆ ಇನ್ನೇನು! ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರನ್ನು ಜೊತೆಗಿಟ್ಟುಕೊಂಡು ನಿಮ್ಮ ಸರ್ಕಾರ ಆ ಕೆಲಸ ಮಾಡಿತು. ಅಧಿಕಾರದಲ್ಲಿ ಇದ್ದದ್ದೇ 324 ದಿನ, ಅದರಲ್ಲಿ ಇದೂ ಒಂದು. ಅಂದು ಮೇಜಿನ ಆಚೆ ಈಚೆ ಕುಳಿತವರಲ್ಲಿ ಇಂದು ಎಷ್ಟು ಜನ ಉಳಿದಿದ್ದಾರೆ? ಯಾವ ಅಂಕಿಗೆ ಯಾರು ಹಟ ಹಿಡಿದರು, ಎಲ್ಲಿ ಸಡಿಲಿಸಿದರು, ಇವು ಮುದ್ರಿತ ಒಪ್ಪಂದದಲ್ಲಿ ಸಿಗುವುದಿಲ್ಲ. ನಿಮ್ಮ ತಲೆಯಲ್ಲಿವೆ. ಹೊಸ ಮಾತುಕತೆಗೆ ಹೋಗುವ ಅಧಿಕಾರಿಗಳು ನಿಮ್ಮ ಪದ್ಮನಾಭನಗರದ ಮನೆಯ ಜಗುಲಿಯಲ್ಲಿ ಒಂದು ವಾರ ಕುಳಿತು ಬರೆದುಕೊಳ್ಳಬೇಕು. ಅದಕ್ಕೆ ನೀವು ಸಂಸದರಾಗಿರಬೇಕಿಲ್ಲ.

ಕಾವೇರಿಯದ್ದೂ ಹಾಗೆಯೇ. 1990ರಲ್ಲಿ ನ್ಯಾಯಮಂಡಳಿ, 1991ರಲ್ಲಿ 205 ಟಿಎಂಸಿಯ ಮಧ್ಯಂತರ ಆದೇಶ, 2007ರಲ್ಲಿ ನಮಗೆ 270 ಕೊಟ್ಟ ಅಂತಿಮ ತೀರ್ಪು, 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಸೇರಿಸಿದ 14.75. ಈ ನಾಲ್ಕು ಮೆಟ್ಟಿಲನ್ನೂ ಹತ್ತಿರದಿಂದ ನೋಡಿದವರು ನೀವು. 2016ರ ಅಕ್ಟೋಬರ್ 1ರಂದು, ನೀರು ಬಿಡಬೇಕೆಂಬ ಆದೇಶದ ವಿರುದ್ಧ ವಿಧಾನಸೌಧದ ಗಾಂಧಿ ಪ್ರತಿಮೆಯ ಎದುರು ಉಪವಾಸ ಕುಳಿತಾಗ ನಿಮಗೆ 83. ಅಂದು ನಿಮಗಿಂತ ಹೆಚ್ಚಾಗಿ ಇಡೀ ರಾಜ್ಯ ಒಬ್ಬರ ಮಾತಿಗೆ ಕಿವಿಗೊಟ್ಟದ್ದು ನನಗೆ ನೆನಪಿಲ್ಲ. ಅಂದು ನೀವು ಯಾವ ಸ್ಥಾನವನ್ನೂ ಕೇಳುತ್ತಿರಲಿಲ್ಲ. ಸಂಸದರೇನೋ ಆಗಿದ್ದಿರಿ, ಒಪ್ಪುತ್ತೇನೆ. ಆದರೆ ಆ ಪಾದಪಥದ ಮೇಲೆ ಕುಳಿತವರನ್ನು ಹಾಸನದ ಸಂಸದ ಎಂದು ಯಾರೂ ಕರೆಯಲಿಲ್ಲ.

ನಮ್ಮ ಮನೆ ಮುಂದಿನ ಜಗಳಕ್ಕೆ ಬರುತ್ತೇನೆ. ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ನೇರವಾಗಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಷಯ ನಿಮಗೆ ಗೊತ್ತಿದೆ. ಕಳೆದ ವರ್ಷ ಇಲ್ಲಿ ದೊಡ್ಡ ಪ್ರತಿಭಟನೆಯೇ ಆಯಿತು, ರೈತರ ಮೇಲೆ ಮೊಕದ್ದಮೆಗಳಾದವು. ಕುಣಿಗಲ್ಲಿನವರು ನಮ್ಮ ಶತ್ರುಗಳೇನಲ್ಲ, ಅವರಲ್ಲಿ ನಮ್ಮ ಬೀಗರಿದ್ದಾರೆ. ಅವರಿಗೂ ನೀರು ಬೇಕು. ಆದರೆ ಮೇಲಿನಿಂದ ಕೊಳವೆ ಹಾಕಿ ಎಳೆದರೆ ನಡುವಿನ ಕೊನೆ ಭಾಗಗಳ ಗತಿ ಏನು ಎಂಬ ಪ್ರಶ್ನೆಗೆ ಎರಡೂ ಕಡೆಯವರು ನಂಬುವ ಒಬ್ಬ ಮನುಷ್ಯ ಬಂದು, ಇಷ್ಟು ನೀರಿದೆ, ಇಷ್ಟು ಹರಿಯುತ್ತದೆ, ಇಷ್ಟು ಸೋರುತ್ತದೆ ಎಂದು ಅಳೆದು ಹೇಳಬೇಕು. ನಮ್ಮ ಜಿಲ್ಲೆಯ ಎಲ್ಲ ಪಕ್ಷದ ನಾಯಕರೂ ಹೇಳುತ್ತಿದ್ದಾರೆ. ಎಲ್ಲರಿಗೂ ಅಚ್ಚುಕಟ್ಟಿನಲ್ಲಿ ಮೂವತ್ತು ಗುಂಟೆ ಇದೆ.

ಇನ್ನು, ಬರೆಯಲು ಕೈ ಹಿಂಜರಿಯುವ ವಿಷಯ. 1996ರ ಸೆಪ್ಟೆಂಬರ್ 12ರಂದು ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಿಡುವ ಮಸೂದೆಯನ್ನು ಮೊದಲ ಬಾರಿಗೆ ಸಂಸತ್ತಿಗೆ ತಂದದ್ದು ನಿಮ್ಮ ಸರ್ಕಾರ. 27 ವರ್ಷದ ಮೇಲೆ, 2023ರ ಸೆಪ್ಟೆಂಬರಿನಲ್ಲಿ, ನೀವು ಸದಸ್ಯರಾಗಿರುವ ರಾಜ್ಯಸಭೆಯಲ್ಲೇ ಅದು ಅಂಗೀಕಾರವಾಯಿತು. ಆಗ ನಾನು ನಿಮ್ಮನ್ನು ನೆನೆಸಿಕೊಂಡೆ. ಎಂಟು ತಿಂಗಳೊಳಗೆ ಹಾಸನದ ಹೆಣ್ಣುಮಕ್ಕಳ ಸುದ್ದಿ ಬಂತು. 2024ರ ಮೇ ತಿಂಗಳಿನಲ್ಲಿ ನೀವು ನಿಮ್ಮ ಮೊಮ್ಮಗನಿಗೆ ಬಹಿರಂಗ ಪತ್ರವನ್ನೇ ಬರೆದು, ಎಲ್ಲಿದ್ದರೂ ಬಂದು ಕಾನೂನಿಗೆ ಶರಣಾಗು ಎಂದು ಎಚ್ಚರಿಸಿದಿರಿ. 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣವೊಂದರಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನದು ಮೇಲಿನ ನ್ಯಾಯಾಲಯಕ್ಕೆ ಬಿಟ್ಟದ್ದು. ಅಜ್ಜನ ಹೆಗಲಿಗೆ ಮೊಮ್ಮಗನ ಅಪರಾಧವನ್ನು ಹೊರಿಸುವುದು ನ್ಯಾಯವಲ್ಲ, ನಾನು ಹೊರಿಸುವುದೂ ಇಲ್ಲ. ಆದರೆ 2019ರಲ್ಲಿ ಹಾಸನವನ್ನು ಅವರ ಕೈಗೆ ಇಟ್ಟದ್ದು ಜನರಲ್ಲ, ಮೊದಲು ನೀವು. ಒಂದು ಕ್ಷೇತ್ರವನ್ನು ಮನೆಯ ಆಸ್ತಿಯಂತೆ ಪಾಲು ಮಾಡಿಕೊಟ್ಟ ದಿನ ನಿಮ್ಮ ಕಣ್ಣಿನಲ್ಲಿ ನೀರು ಬಂದಿತ್ತು. ಆ ನೀರು ಏಕೆ ಬಂತು ಎಂದು ಈಗಲಾದರೂ ನೀವು ಒಮ್ಮೆ ಬಾಯಿಬಿಟ್ಟು ಹೇಳಿದರೆ, ನಾಲ್ಕು ಅವಧಿಯ ರಾಜ್ಯಸಭೆಗಿಂತ ಆ ಮಾತು ದೊಡ್ಡದಾಗುತ್ತದೆ. ಅರಳಿಕಟ್ಟೆಯ ಮೂರನೆಯವನ ತಮಾಷೆಗೂ ಉತ್ತರ ಅಲ್ಲೇ ಇದೆ: ನೀವು ಬಿಡುವ ಜಾಗ ಮನೆಯೊಳಗೆ ಉಳಿಯಬಾರದು.

ನನ್ನ ವಾದಕ್ಕೆ ಒಂದು ಬಲವಾದ ಎದುರುವಾದ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕುರ್ಚಿ ಇಲ್ಲದವನನ್ನು ದಿಲ್ಲಿ ಮರೆಯುತ್ತದೆ. ಬ್ರಹ್ಮಪುತ್ರಾ ನದಿಯ ಮೇಲಿನ ಬೋಗಿಬೀಲ್ ಸೇತುವೆಗೆ 1997ರ ಜನವರಿಯಲ್ಲಿ ಅಡಿಗಲ್ಲು ಹಾಕಿದ್ದು ನೀವು. 2018ರ ಡಿಸೆಂಬರ್ 25ಕ್ಕೆ ಅದರ ಉದ್ಘಾಟನೆಯಾದಾಗ ನಿಮಗೆ ಕರೆಯೇ ಬಂದಿರಲಿಲ್ಲ. ಅಯ್ಯೋ ರಾಮ, ನನ್ನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂಬರ್ಥದಲ್ಲಿ ನೀವು ಪತ್ರಕರ್ತರಿಗೆ ಹೇಳಿದ್ದನ್ನು ಓದಿ ನನ್ನ ಹೆಂಡತಿಗೂ ಪಾಪ ಎನ್ನಿಸಿತ್ತು. ಉಧಂಪುರದಲ್ಲಿ ನೀವು ಅಡಿಗಲ್ಲು ಇಟ್ಟ ಕಾಶ್ಮೀರದ ರೈಲು ಮಾರ್ಗ ಕಳೆದ ವರ್ಷ ಜೂನ್ 6ರಂದು ಚೆನಾಬ್ ಸೇತುವೆ ದಾಟಿ ಶ್ರೀನಗರದ ಕಡೆಗೆ ಓಡಿತು. ಎಷ್ಟು ಜನ ನಿಮ್ಮ ಹೆಸರು ಎತ್ತಿದರು? ಸಂಸತ್ತಿನಲ್ಲಿ ಇದ್ದಾಗಲೇ ಹೀಗಾದರೆ, ಬಿಟ್ಟ ಮೇಲೆ ಕೇಳುವವರು ಯಾರು ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದು ಮಾತು ಮಾತ್ರ ಹೇಳಬಲ್ಲೆ. ಬೋಗಿಬೀಲ್ ಉದ್ಘಾಟನೆಯಾದಾಗಲೂ ನೀವು ಸಂಸದರೇ ಆಗಿದ್ದಿರಿ. ಸದಸ್ಯತ್ವ ಅಂದು ಆಹ್ವಾನ ಪತ್ರಿಕೆ ತರಿಸಿಕೊಡಲಿಲ್ಲ.

ಚಿತ್ರದುರ್ಗದ ನಿಜಲಿಂಗಪ್ಪನವರು ನೆನಪಾಗುತ್ತಾರೆ. ಮುಖ್ಯಮಂತ್ರಿಯಾಗಿ, ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಇಂದಿರಾ ಗಾಂಧಿಯವರ ಎದುರು ನಿಂತು, ಪಕ್ಷ ಒಡೆದ ಮೇಲೆ ನಿಧಾನವಾಗಿ ಅಧಿಕಾರದ ರಾಜಕೀಯದಿಂದ ಸರಿದು, 2000ದ ಆಗಸ್ಟ್ 8ರಂದು ತೀರಿಕೊಳ್ಳುವವರೆಗೆ ತಮ್ಮೂರಿನ ಮನೆಯಲ್ಲಿದ್ದರು. ಆ ದಾರಿಯಲ್ಲಿ ಹೋಗುವ ಮಂತ್ರಿಗಳು, ಯಾವ ಪಕ್ಷದವರಾದರೂ, ಅವರನ್ನು ಕಂಡು ಹೋಗುತ್ತಿದ್ದರು. ನೀವು ಅಷ್ಟು ಸುಮ್ಮನೆ ಕೂರುವವರಲ್ಲ ಎಂದು ನನಗೆ ಗೊತ್ತು. ಕೂರಬೇಕಾಗಿಯೂ ಇಲ್ಲ.

ಮಾಡಬೇಕಾದದ್ದು ಬೇಕಾದಷ್ಟಿದೆ. ನಿಮ್ಮ ಟಿಪ್ಪಣಿಗಳು, ಪತ್ರಗಳು, ನೀರಾವರಿ ಕಡತಗಳ ಪ್ರತಿಗಳು, 1972ರಲ್ಲಿ ವಿರೋಧ ಪಕ್ಷದ ನಾಯಕರಾದಂದಿನಿಂದ ಕೂಡಿಟ್ಟದ್ದೆಲ್ಲವನ್ನೂ ರಾಜ್ಯ ಪತ್ರಾಗಾರಕ್ಕೆ ಕೊಟ್ಟುಬಿಡಿ. ಮನೆಯವರ ಬೀರುವಿನಲ್ಲಿ ಬಿಡಬೇಡಿ. ಗೆದ್ದುಬಂದ ಹೊಸ ಶಾಸಕರನ್ನು, ಪಕ್ಷ ಕೇಳದೆ, ವರ್ಷಕ್ಕೆರಡು ಸಲ ಕೂರಿಸಿಕೊಂಡು ಟಿಎಂಸಿ ಎಂದರೇನು, ಕ್ಯುಸೆಕ್ ಎಂದರೇನು ಎಂಬಲ್ಲಿಂದ ಪಾಠ ಮಾಡಿ. ನಗಬೇಡಿ, ನಿಜವಾಗಿಯೂ ಅಲ್ಲಿಂದಲೇ ಶುರುಮಾಡಬೇಕಾಗುತ್ತದೆ. ದಿಲ್ಲಿಗೆ ಗಂಗೆಯ ಒಪ್ಪಂದದ ಬಗ್ಗೆ ಒಂದು ದೀರ್ಘ ಪತ್ರ ಬರೆಯಿರಿ. ನೀವು ಪತ್ರ ಬರೆಯುವುದರಲ್ಲಿ ಎಂದೂ ಸೋಮಾರಿಯಾದವರಲ್ಲ, ಎಷ್ಟು ಪ್ರಧಾನಿಗಳ ಮೇಜಿನ ಮೇಲೆ ನಿಮ್ಮ ಪತ್ರಗಳ ಕಟ್ಟು ಇದ್ದೀತೋ!

2024ರ ಜನವರಿಯಲ್ಲಿ ನೀವೇ ಹೇಳಿದ್ದಿರಿ: ವಯಸ್ಸಾಗಿದೆ, ಲೋಕಸಭೆಗೆ ನಿಲ್ಲುವುದಿಲ್ಲ, ರಾಜ್ಯಸಭೆಯದ್ದು ಇನ್ನೂ ಎರಡು ವರ್ಷ ಇದೆ ಎಂದು. ಆ ಎರಡು ವರ್ಷ ಮುಗಿಯುತ್ತಾ ಬಂತು. ಜೂನ್ ಮೊದಲ ವಾರದ ಹೊತ್ತಿಗೆ ಯಾರಾದರೂ ನಾಮಪತ್ರ ಹಿಡಿದು ನಿಮ್ಮ ಮನೆಗೆ ಬರಬಹುದು. ಅಪ್ಪಾಜಿ, ಇದೊಂದು ಸಲ ಎಂದು ಕಾರ್ಯಕರ್ತರು ಕಾಲು ಹಿಡಿಯಬಹುದು. ಆ ದಿನ ಕಾರು ಹತ್ತಿ ಹೊರಟುಬಿಡಿ. ವಿ.ಪಿ. ಸಿಂಗ್ ದಿಲ್ಲಿಯನ್ನೇ ಸುತ್ತಿದರು, ನಿಮಗೆ ಅಷ್ಟು ಕಷ್ಟ ಬೇಡ. ನೈಸ್ ರಸ್ತೆಯಿಂದ ತುಮಕೂರು ದಾರಿ ಹಿಡಿದರೆ ಎರಡೂವರೆ ಗಂಟೆಯಲ್ಲಿ ನಮ್ಮೂರು. (ಆ ಯೋಜನೆಯನ್ನು ವಿರೋಧಿಸಿದವರು ನೀವು, ಆ ರಸ್ತೆಯ ಹೆಸರು ಎತ್ತಿದರೆ ನಿಮಗೆ ಸಿಟ್ಟು ಬರುತ್ತದೆ ಎಂದು ಬಲ್ಲೆ, ಬೇರೆ ದಾರಿಯಿಂದಲೂ ಬರಬಹುದು.)

ನಾಲೆಯ ಕೊನೆಯ ತೂಬಿನ ಬಳಿ ಒಂದು ಹುಣಸೆಮರವಿದೆ, ಅದರ ಕೆಳಗೆ ಗಾಲಿಕುರ್ಚಿ ನಿಲ್ಲುವಷ್ಟು ಸಮತಟ್ಟು ಜಾಗವೂ ಇದೆ. ಕುಣಿಗಲ್ಲಿನ ಬೀಗರನ್ನೂ ಕರೆಸುತ್ತೇನೆ. ತೂಬಿನ ಗೋಡೆಯ ಮೇಲೆ ಇಲಾಖೆಯವರು ಬರೆದ ಅಳತೆಪಟ್ಟಿಯ ಬಣ್ಣ ಹೋಗಿದೆ, ನಾಲ್ಕು ಅಡಿಯ ಗೆರೆ ಮಾತ್ರ ಕಾಣುತ್ತದೆ. ಅಲ್ಲಿಗೆ ನೀರು ಏರಿದ್ದನ್ನು ನಾನು ಕಂಡದ್ದು ಎರಡೇ ಸಲ. ಮಧ್ಯಾಹ್ನಕ್ಕೆ ರಾಗಿಮುದ್ದೆ, ಬಸ್ಸಾರು. 2019ರಲ್ಲಿ ನಿಮಗೆ ಮತ ಹಾಕದವಳೇ ಬಡಿಸುತ್ತಾಳೆ, ಅವಳಿಗೆ ನಿಮ್ಮನ್ನು ಕೇಳಲು ಒಂದು ಪ್ರಶ್ನೆಯೂ ಇದೆಯಂತೆ. ಏನೆಂದು ನನಗೆ ಹೇಳಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಗುಬ್ಬಿ ತಾಲ್ಲೂಕಿನ ಒಬ್ಬ ನಿವೃತ್ತ ಕನ್ನಡ ಮೇಷ್ಟರು